ಎಣ್ಣೆ ಬಿಟ್ಟ ಭಾವ, ಇಳಿಯದ ಕೊಲೆಸ್ಟ್ರಾಲ್



2025ರ ಜುಲೈ ತಿಂಗಳನ್ನ ಒಮ್ಮೆ ನೆನಪು ಮಾಡ್ಕೊಳ್ಳಿ. ಮೈಸೂರಿನ ಕೆಆರ್‌ಎಸ್ ರಸ್ತೆಯ ಜಯದೇವ ಆಸ್ಪತ್ರೆ ಮುಂದೆ ಜನವೋ ಜನ. ಹಾಸನ ಜಿಲ್ಲೆಯಲ್ಲಿ ಒಬ್ಬರ ಹಿಂದೆ ಒಬ್ಬರು ಹೃದಯಾಘಾತದಿಂದ ತೀರಿಕೊಂಡರು ಅನ್ನೋ ಸುದ್ದಿ. ಎದೆ ನೋವು ಇದ್ದವರು ಬಂದ್ರು, ಇಲ್ಲದವರೂ ಬಂದ್ರು. ಇಪ್ಪತ್ತೈದರ ಹುಡುಗರು ಬಂದ್ರು, ಎಪ್ಪತ್ತರ ಅಜ್ಜ ಅಜ್ಜಿಯರು ಬಂದ್ರು. ಗಾಬರಿ ಬೀಳಬೇಡಿ, ನಿಮ್ಮ ಊರಿನ ಆಸ್ಪತ್ರೆಯಲ್ಲೇ ತೋರಿಸಿಕೊಳ್ಳಿ ಅಂತ ವೈದ್ಯರು ಕೈ ಮುಗಿದು ಕೇಳಬೇಕಾಯ್ತು. 2021ರ ಅಕ್ಟೋಬರ್ 29ಕ್ಕೆ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ನಮ್ಮನ್ನ ಬಿಟ್ಟು ಹೋದಾಗಲೂ ಇದೇ ಆಗಿತ್ತು. ಅದೇ ಗೇಟು, ಅದೇ ಸಾಲು, ಅದೇ ಭಯ.

ಆ ಸಾಲನ್ನ ನಾವು ಟಿವಿಯವರು ದಿನವಿಡೀ ತೋರಿಸಿದ್ವಿ. ನಾನೂ ಇದೇ ಕುರ್ಚಿಯಲ್ಲಿ ಕೂತು ಮಾತಾಡಿದೀನಿ. ಆದ್ರೆ ಒಂದು ಕೆಲಸ ನಾವು ಮಾಡಲಿಲ್ಲ. ಸಾಲಿನಲ್ಲಿ ನಿಂತು, ರಕ್ತ ಕೊಟ್ಟು, ಕೈಯಲ್ಲಿ ಒಂದು ಚೀಟಿ ಹಿಡಿದು ಮನೆಗೆ ಹೋದರಲ್ಲ, ಆ ಜನ ಮನೆಗೆ ಹೋಗಿ ಏನ್ ಮಾಡಿದ್ರು ಅಂತ ನಾವು ಕೇಳಲಿಲ್ಲ. ಇವತ್ತು ಅದನ್ನ ಮಾತಾಡೋಣ. ಯಾಕಂದ್ರೆ ಅದರಲ್ಲಿ ಒಂದು ಚೀಟಿ ನಮ್ಮ ಮನೆಯದ್ದು.

ನಮ್ಮ ಅಕ್ಕನ ಮನೆ ಇರೋದು ಮೈಸೂರಿನ ಕುವೆಂಪುನಗರದಲ್ಲಿ. ಭಾವನಿಗೆ 61 ವರ್ಷ. 2022ರಲ್ಲಿ ಸ್ಟೆಂಟ್ ಆಗಿದೆ. ಅಲ್ಲಿಂದ ದಿನಾ ರಾತ್ರಿ ಕೊಲೆಸ್ಟ್ರಾಲ್ ಮಾತ್ರೆ, ಬೆಳಗ್ಗೆ ಬಿಪಿ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಇನ್ನೊಂದು ಮಾತ್ರೆ. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು. ಶಿಸ್ತಿನ ಮನುಷ್ಯ. ಜುಲೈ ತಿಂಗಳ ಆ ಗಲಾಟೆ ನೋಡಿದ್ದೇ ತಡ, ಭಾವ ಮನೆಯಲ್ಲಿ ಆಜ್ಞೆ ಹೊರಡಿಸಿಬಿಟ್ರು. ಇನ್ಮೇಲೆ ಈ ಮನೆಗೆ ಎಣ್ಣೆ ಬರಬಾರದು, ತುಪ್ಪ ಬರಬಾರದು, ಒಗ್ಗರಣೆಯೇ ಬೇಡ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ನಾನು ಹೋದೆ. ಭಾವ ಐದು ಕೆಜಿ ಇಳಿದಿದ್ರು. ಅಂಗಿ ಸಡಿಲ. ಮುಖದಲ್ಲಿ ಗೆದ್ದ ಖುಷಿ. ಅಕ್ಕ ಮಾತ್ರ ನನ್ನನ್ನ ಅಡುಗೆಮನೆಗೆ ಕರೆದು, ಮೆಲ್ಲಗೆ ಹೇಳಿದ್ಲು. "ನೋಡೋ, ನಿಮ್ಮ ಭಾವನ ರಿಪೋರ್ಟ್ ಬಂದಿದೆ. ಕೊಲೆಸ್ಟ್ರಾಲ್ ಜಾಸ್ತಿ ಆಗಿದೆ ಕಣೋ. ಒಂದು ಬೋಂಡ ತಿಂದಿಲ್ಲ ಮೂರು ತಿಂಗಳಿಂದ. ಏನ್ ಕರ್ಮ ಇದು?"

ರಿಪೋರ್ಟ್ ತಗೊಂಡು ನೋಡಿದೆ. ಮೊದಲು ಎಲ್‌ಡಿಎಲ್ 72 ಇತ್ತು. ಈಗ 138. ಹೆಚ್ಚುಕಡಿಮೆ ಎರಡರಷ್ಟು. ಎಣ್ಣೆ ಬಿಟ್ಟಿದಾರೆ, ತೂಕ ಇಳಿಸಿದಾರೆ, ಆದ್ರೂ ಎರಡರಷ್ಟು! ಆಗ ಅಕ್ಕ ಟಿವಿ ಕೆಳಗಿನ ಡ್ರಾಯರ್ ಎಳೆದು ತೋರಿಸಿದ್ಲು. ಮೂರು ತಿಂಗಳ ಕೊಲೆಸ್ಟ್ರಾಲ್ ಮಾತ್ರೆ. ಒಂದು ಗುಳಿಗೆಯನ್ನೂ ಬಿಡಿಸಿಲ್ಲ. ಎಲ್ಲಾ ಹಾಗೇ ಇದೆ.

ಭಾವನನ್ನ ಕೇಳಿದೆ. ಬಹಳ ಸಮಾಧಾನವಾಗಿ ಹೇಳಿದ್ರು. "ಅಲ್ಲಪ್ಪಾ, ಎಣ್ಣೆ ತಿನ್ನೋರಿಗೆ ತಾನೇ ಕೊಲೆಸ್ಟ್ರಾಲ್ ಮಾತ್ರೆ? ನಾನು ಎಣ್ಣೆಯನ್ನೇ ಬಿಟ್ಟಿದೀನಲ್ಲ, ಇನ್ನು ಮಾತ್ರೆ ಯಾಕೆ?"

ವೀಕ್ಷಕರೇ, ಈ ಒಂದು ಪ್ರಶ್ನೆ ಇದೆಯಲ್ಲ, ಇದು ನಮ್ಮ ಭಾವನೊಬ್ಬರದ್ದಲ್ಲ. ಇದು ಸಾವಿರಾರು ಮನೆಗಳ ಪ್ರಶ್ನೆ. ಕೇಳೋಕೆ ಎಷ್ಟು ಸರಿಯಾಗಿದೆ ಅನ್ಸುತ್ತೆ ನೋಡಿ. ಆದ್ರೆ ಇದಕ್ಕಿಂತ ಅಪಾಯದ ಲೆಕ್ಕ ಇನ್ನೊಂದಿಲ್ಲ. ಯಾಕೆ ಅಂತ ಒಂದೊಂದಾಗಿ ಬಿಡಿಸೋಣ.

ಮೊದಲನೇ ಮಾತು. ರಕ್ತದಲ್ಲಿರೋ ಕೊಲೆಸ್ಟ್ರಾಲ್ ಬಾಣಲೆಯಿಂದ ನೇರವಾಗಿ ಬರೋದಲ್ಲ. ಅದರಲ್ಲಿ ಹೆಚ್ಚಿನ ಪಾಲು ನಮ್ಮ ದೇಹವೇ ತಯಾರಿಸುತ್ತೆ. ಅದರಲ್ಲಿ ಪಿತ್ತಜನಕಾಂಗ, ಅಂದ್ರೆ ನಮ್ಮ ಲಿವರ್, ದೊಡ್ಡ ಕಾರ್ಖಾನೆ. ಕೊಲೆಸ್ಟ್ರಾಲ್ ಶತ್ರುವೂ ಅಲ್ಲ. ಜೀವಕೋಶದ ಗೋಡೆಗೆ ಬೇಕು, ಹಾರ್ಮೋನಿಗೆ ಬೇಕು, ಪಿತ್ತರಸಕ್ಕೆ ಬೇಕು. ಆದ್ರೆ ಅದು ಮೇಣದಂಥ ವಸ್ತು. ರಕ್ತದಲ್ಲಿ ಕರಗಲ್ಲ. ಹಾಗಾಗಿ ಅದಕ್ಕೊಂದು ವಾಹನ ಬೇಕು. ಎಲ್‌ಡಿಎಲ್ ಅಂತೀವಲ್ಲ, ಅದು ಸರಕು ತುಂಬಿದ ಲಾರಿ. ಎಚ್‌ಡಿಎಲ್ ಅಂದ್ರೆ ಉಳಿದ ಸರಕನ್ನ ವಾಪಸ್ ತರೋ ಗಾಡಿ ಅಂತ ಇಟ್ಕೊಳ್ಳಿ. ಟ್ರೈಗ್ಲಿಸರೈಡ್ ಅಂದ್ರೆ ದೇಹ ಉಳಿತಾಯಕ್ಕೆ ಇಟ್ಟುಕೊಳ್ಳೋ ಕೊಬ್ಬು; ಅದೂ ರಕ್ತದಲ್ಲಿ ಓಡಾಡುತ್ತೆ.

ಈಗ ಮೈಸೂರಿನ ಬಂಡಿಪಾಳ್ಯದ ಎಪಿಎಂಸಿ ಮಾರುಕಟ್ಟೆ ನೆನಪು ಮಾಡ್ಕೊಳ್ಳಿ. ಲಾರಿಗಳು ಬರ್ತವೆ. ಗೇಟುಗಳು ತೆರೆದಿದ್ರೆ ಒಳಗೆ ಹೋಗಿ ಸರಕು ಇಳಿಸ್ತವೆ. ಅರ್ಧ ಗೇಟು ಮುಚ್ಚಿಬಿಟ್ರೆ? ಲಾರಿಗಳೆಲ್ಲ ನಂಜನಗೂಡು ರಸ್ತೆ ಉದ್ದಕ್ಕೂ ನಿಲ್ತವೆ. ನಮ್ಮ ಲಿವರ್ ಮೇಲೂ ಎಲ್‌ಡಿಎಲ್ ಲಾರಿಯನ್ನ ಒಳಗೆ ಎಳೆದುಕೊಳ್ಳೋ ಗೇಟುಗಳಿವೆ. ರಿಸೆಪ್ಟರ್ ಅಂತಾರೆ. ಇದನ್ನ ಕಂಡುಹಿಡಿದ ಅಮೆರಿಕದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ತುಪ್ಪ, ಬೆಣ್ಣೆ, ತಾಳೆ ಎಣ್ಣೆ, ಕೊಬ್ಬರಿ ಎಣ್ಣೆ, ಕೊಬ್ಬಿರೋ ಮಾಂಸ, ಇವುಗಳಲ್ಲಿರೋ ಸ್ಯಾಚುರೇಟೆಡ್ ಕೊಬ್ಬು ಅತಿಯಾದ್ರೆ ಈ ಗೇಟುಗಳು ಕಡಿಮೆ ಆಗ್ತವೆ. ಲಾರಿಗಳು ರಸ್ತೆಯಲ್ಲೇ, ಅಂದ್ರೆ ರಕ್ತದಲ್ಲೇ ಉಳೀತವೆ. ಉಳಿದು ಉಳಿದು ರಕ್ತನಾಳದ ಗೋಡೆಯೊಳಗೆ ಸೇರ್ಕೊಳ್ತವೆ. ಇದು ಇಪ್ಪತ್ತು ಮೂವತ್ತು ವರ್ಷದ ಕೆಲಸ. ಸದ್ದಿಲ್ಲ, ನೋವಿಲ್ಲ.

ಹಾಗಾದ್ರೆ ಭಾವ ತುಪ್ಪ ಬಿಟ್ಟಿದ್ದು ಸರಿ ಅಲ್ವಾ? ಕಡಿಮೆ ಮಾಡಿದ್ದು ಸರಿ. ಆದ್ರೆ ಎಷ್ಟು ಫಲ ಸಿಗುತ್ತೆ ಅನ್ನೋದನ್ನ ಲೆಕ್ಕ ಹಾಕಲಿಲ್ಲ. ಸ್ಟೆಂಟ್ ಆಗೋ ಮೊದಲು, ಮಾತ್ರೆ ಶುರು ಮಾಡೋ ಮೊದಲು ಅವರ ಎಲ್‌ಡಿಎಲ್ 158 ಇತ್ತು. ಮಾತ್ರೆ ಅದನ್ನ 72ಕ್ಕೆ ತಂದಿತ್ತು. ಮಾತ್ರೆ ಬಿಟ್ಟು, ಎಣ್ಣೆ ಬಿಟ್ಟು, ಐದು ಕೆಜಿ ಇಳಿಸಿದ ಮೇಲೆ 138. ಅಂದ್ರೆ ಅವರು ಪಟ್ಟ ಕಷ್ಟಕ್ಕೆಲ್ಲ ಸಿಕ್ಕಿದ್ದು 20. ಮಾತ್ರೆ ಕೊಡ್ತಾ ಇದ್ದದ್ದು 86. ಇಪ್ಪತ್ತು ಸಂಪಾದಿಸೋಕೆ ಹೋಗಿ ಎಂಬತ್ತಾರು ಕಳ್ಕೊಂಡ್ರು.

ಎರಡನೇ ಮಾತು. ಎಣ್ಣೆ ಬಿಟ್ವಿ ಸರಿ, ಆ ಜಾಗಕ್ಕೆ ತಟ್ಟೆಗೆ ಏನು ಬಂತು? ಇದನ್ನ ನನ್ನ ಕಥೆಯಿಂದಲೇ ಹೇಳ್ತೀನಿ. ನಾನೂ ಆ ಗಲಾಟೆಯಲ್ಲಿ ಹೆದರಿದವನೇ. ಆಗಸ್ಟ್‌ನಲ್ಲಿ ರಕ್ತ ಕೊಟ್ಟೆ. ತೂಕ 84 ಕೆಜಿ. ಎಲ್‌ಡಿಎಲ್ 156, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 180. ಒಟ್ಟು 232. ವೈದ್ಯರು ಮೂರು ತಿಂಗಳು ಆಹಾರದಲ್ಲಿ ಸರಿಮಾಡಿ ನೋಡಿ ಅಂದ್ರು. ನಾನೂ ಭಾವನ ಥರ ಎಣ್ಣೆ ಪೂರ್ತಿ ಬಂದ್. ಬೆಳಗ್ಗೆ ನಾಲ್ಕು ಇಡ್ಲಿ, ಮಧ್ಯಾಹ್ನ ಎರಡು ಸಲ ಅನ್ನ ಸಾರು, ಹಸಿವಾದ್ರೆ ಮಂಡಕ್ಕಿ, ಸಂಜೆ ಆರು ಮಾರಿ ಬಿಸ್ಕೆಟ್, ರಾತ್ರಿ ಸ್ಟುಡಿಯೋದಲ್ಲಿ ಹಣ್ಣಿನ ಜ್ಯೂಸ್. ಎಣ್ಣೆ ಒಂದು ಹನಿ ಇಲ್ಲ. ಎರಡೂವರೆ ತಿಂಗಳಾದ ಮೇಲೆ ನೋಡಿದ್ರೆ ತೂಕ 83. ಎಲ್‌ಡಿಎಲ್ 141ಕ್ಕೆ ಇಳಿದಿತ್ತು, ನಿಜ. ಆದ್ರೆ ಎಚ್‌ಡಿಎಲ್ 36ಕ್ಕೆ ಬಿದ್ದಿತ್ತು. ಟ್ರೈಗ್ಲಿಸರೈಡ್ 240ಕ್ಕೆ ಹಾರಿತ್ತು.

ಎಣ್ಣೆ ತಿನ್ನದೇ ರಕ್ತದಲ್ಲಿ ಕೊಬ್ಬು ಏರೋದು ಹೇಗೆ ಸ್ವಾಮಿ? ಏರುತ್ತೆ. ಅನ್ನ, ರವೆ, ಮೈದಾ, ಸಕ್ಕರೆ, ಜ್ಯೂಸ್ ಬೇಕಾದ್ದಕ್ಕಿಂತ ಹೆಚ್ಚಾದ್ರೆ ನಮ್ಮ ಲಿವರ್ ಅದನ್ನೇ ಟ್ರೈಗ್ಲಿಸರೈಡ್ ಮಾಡಿ ರಕ್ತಕ್ಕೆ ಬಿಡುತ್ತೆ. ಪೌಷ್ಟಿಕ ವಿಜ್ಞಾನಿಗಳು ಇದನ್ನ ಹತ್ತಾರು ಪ್ರಯೋಗಗಳಲ್ಲಿ ನೋಡಿದ್ದಾರೆ. ಸ್ಯಾಚುರೇಟೆಡ್ ಕೊಬ್ಬನ್ನ ತೆಗೆದು ಆ ಜಾಗಕ್ಕೆ ಪಿಷ್ಟ ಹಾಕಿದ್ರೆ ಎಲ್‌ಡಿಎಲ್ ಇಳಿಯುತ್ತೆ, ಜೊತೆಗೆ ಒಳ್ಳೆಯ ಎಚ್‌ಡಿಎಲ್ ಕೂಡ ಇಳಿಯುತ್ತೆ, ಟ್ರೈಗ್ಲಿಸರೈಡ್ ಏರುತ್ತೆ. ಅದೇ ಜಾಗಕ್ಕೆ ಎಳ್ಳೆಣ್ಣೆ, ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಬಾದಾಮಿ, ಕಡಲೆಕಾಯಿ ಬೀಜದಂಥ ಕೊಬ್ಬು ಮಿತವಾಗಿ ಬಂದ್ರೆ ಎಲ್‌ಡಿಎಲ್ ಇಳಿಯುತ್ತೆ, ಟ್ರೈಗ್ಲಿಸರೈಡ್ ಏರಲ್ಲ. ಬಿಟ್ಟಿದ್ದು ಏನು ಅನ್ನೋದು ಎಷ್ಟು ಮುಖ್ಯವೋ, ಬದಲಿಗೆ ತಿಂದದ್ದು ಏನು ಅನ್ನೋದೂ ಅಷ್ಟೇ ಮುಖ್ಯ.

ನಮ್ಮ ದೇಶದ ಲೆಕ್ಕ ನೋಡಿ. ಐಸಿಎಂಆರ್ ನಡೆಸಿದ ದೊಡ್ಡ ಸಮೀಕ್ಷೆ ಇಂಡಿಯಾಬ್ ಪ್ರಕಾರ ಭಾರತೀಯರಿಗೆ ಸಿಗೋ ಶಕ್ತಿಯಲ್ಲಿ ಸುಮಾರು ಶೇ. 62 ಭಾಗ ಪಿಷ್ಟ, ಸಕ್ಕರೆಯಿಂದಲೇ. ಇದೇ ಅಧ್ಯಯನದ 2014ರ ವರದಿ, ನಾಲ್ಕು ಕಡೆಯ ಜನರ ರಕ್ತ ಪರೀಕ್ಷೆ ಮಾಡಿ ಹೇಳಿದ್ದೇನು ಗೊತ್ತಾ? ಎಲ್‌ಡಿಎಲ್ ಜಾಸ್ತಿ ಇದ್ದವರು ಶೇ. 11.8. ಎಚ್‌ಡಿಎಲ್ ಕಡಿಮೆ ಇದ್ದವರು ಶೇ. 72.3! ನಮ್ಮಲ್ಲಿ ಹೆಚ್ಚಾಗಿ ಕಾಣೋ ಕಾಯಿಲೆಯ ರೂಪವೇ ಬೇರೆ. ಅಂಥವರಿಗೆ ಹೋಗಿ, ಎಣ್ಣೆ ಬಿಟ್ಟು ಅನ್ನ ಜಾಸ್ತಿ ತಿನ್ನಿ ಅಂದ್ರೆ ಏನಾಗುತ್ತೆ? ನನಗೆ ಆದದ್ದೇ ಆಗುತ್ತೆ.

ಅಮೆರಿಕದಲ್ಲಿ ಇದನ್ನ ಬಹಳ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆ ಮಾಡಿದ್ರು. 48,835 ಮಹಿಳೆಯರು. ಎಂಟು ವರ್ಷ. ಒಂದು ಗುಂಪಿಗೆ ಒಟ್ಟು ಕೊಬ್ಬು ಕಡಿಮೆ ಮಾಡಿ, ಹಣ್ಣು ತರಕಾರಿ ಧಾನ್ಯ ಹೆಚ್ಚು ತಿನ್ನೋಕೆ ಕಲಿಸಿದ್ರು. 2006ರಲ್ಲಿ ಫಲಿತಾಂಶ ಬಂತು. ಎಲ್‌ಡಿಎಲ್ ಇಳಿದದ್ದು ಬರೀ ಮೂರೂವರೆ ಅಂಕ. ಹೃದಯಾಘಾತ ಗಮನಾರ್ಹವಾಗಿ ಕಡಿಮೆ ಆಗಲೇ ಇಲ್ಲ. ಅಂದ್ರೆ ಎಣ್ಣೆ ಸುರಿದುಕೊಂಡು ತಿನ್ನಿ ಅಂತಲ್ಲ. ಒಳ್ಳೇದು ಕೆಟ್ಟದ್ದು ನೋಡದೆ ಎಲ್ಲಾ ಕೊಬ್ಬನ್ನೂ ಒಂದೇ ತಕ್ಕಡಿಗೆ ಹಾಕಿ ಕಡಿಮೆ ಮಾಡಿದ್ರೆ ಸಿಗೋದು ಇಷ್ಟೇ ಅಂತ.

ಇಲ್ಲೊಂದು ಅಂಗಡಿ ಮಾತು. ಎಣ್ಣೆ ಪ್ಯಾಕೆಟ್ ಮೇಲೆ ದೊಡ್ಡದಾಗಿ 'ಕೊಲೆಸ್ಟ್ರಾಲ್ ಇಲ್ಲ' ಅಂತ ಹಾಕಿರ್ತಾರಲ್ಲ, ಅದನ್ನ ನೋಡಿ ಮೋಸ ಹೋಗಬೇಡಿ. ಗಿಡದಿಂದ ಬರೋ ಯಾವ ಎಣ್ಣೆಯಲ್ಲೂ ಹೇಳಿಕೊಳ್ಳುವಂಥ ಕೊಲೆಸ್ಟ್ರಾಲ್ ಇರಲ್ಲ. ತಾಳೆ ಎಣ್ಣೆಗೂ ಆ ಮಾತು ಅಂಟಿಸಬಹುದು. ನೀವು ಪ್ಯಾಕೆಟ್ ತಿರುಗಿಸಿ ಹಿಂದೆ ಸಣ್ಣಕ್ಷರದಲ್ಲಿ ಸ್ಯಾಚುರೇಟೆಡ್ ಕೊಬ್ಬು ಎಷ್ಟು ಅಂತ ನೋಡಿ. ವನಸ್ಪತಿಯಲ್ಲಿ ಇದ್ದ ಟ್ರಾನ್ಸ್ ಕೊಬ್ಬು ಎಲ್ಲಕ್ಕಿಂತ ಕೆಟ್ಟದ್ದು. ಎಲ್‌ಡಿಎಲ್ ಏರಿಸುತ್ತೆ, ಎಚ್‌ಡಿಎಲ್ ಇಳಿಸುತ್ತೆ. 2022ರ ಜನವರಿಯಿಂದ ಅದು ಶೇ. 2 ಮೀರಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಇದೆ. ಆದ್ರೆ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸೋ ಬಾಣಲೆ ಮುಂದೆ ಯಾವ ನಿಯಮ ನಿಂತು ನೋಡುತ್ತೆ? ಅದನ್ನ ನಾವೇ ನೋಡ್ಕೋಬೇಕು.

ಮೂರನೇ ಮಾತು. ತೂಕ. ತೂಕ ಇಳಿಸಿದ್ರೆ ಕೊಲೆಸ್ಟ್ರಾಲ್ ಇಳಿಯುತ್ತಾ? ಇಳಿಯುತ್ತೆ. ಎಷ್ಟು? 1992ರಲ್ಲಿ ಇಬ್ಬರು ಸಂಶೋಧಕಿಯರು 70 ಅಧ್ಯಯನಗಳನ್ನ ಒಟ್ಟು ಸೇರಿಸಿ ಲೆಕ್ಕ ಹಾಕಿದ್ರು. ಒಂದು ಕೆಜಿ ಇಳಿದರೆ ಒಟ್ಟು ಕೊಲೆಸ್ಟ್ರಾಲ್ ಸುಮಾರು 2 ಅಂಕ, ಎಲ್‌ಡಿಎಲ್ ಒಂದು ಅಂಕಕ್ಕಿಂತ ಸ್ವಲ್ಪ ಕಡಿಮೆ, ಟ್ರೈಗ್ಲಿಸರೈಡ್ ಒಂದಕ್ಕಿಂತ ಸ್ವಲ್ಪ ಹೆಚ್ಚು ಇಳಿಯುತ್ತೆ. ಹತ್ತು ಕೆಜಿ ಇಳಿಸಿದ್ರೆ ಎಲ್‌ಡಿಎಲ್‌ನಲ್ಲಿ ಸರಾಸರಿ ಎಂಟು ಅಂಕ. ಅಷ್ಟೇನಾ ಅಂತೀರಾ? ಎಲ್‌ಡಿಎಲ್ ಮಟ್ಟಿಗೆ ಅಷ್ಟೇ. ಆದ್ರೆ ತೂಕ ಇಳಿದರೆ ಬಿಪಿ ಇಳಿಯುತ್ತೆ, ಸಕ್ಕರೆ ಹತೋಟಿಗೆ ಬರುತ್ತೆ, ಮಂಡಿ ನೋವು ಕಡಿಮೆ ಆಗುತ್ತೆ. ಹೃದಯಕ್ಕೆ ಅದೆಲ್ಲ ಲಾಭವೇ.

ಅದೇ ಲೆಕ್ಕದಲ್ಲಿ ಇನ್ನೊಂದು ಸ್ವಾರಸ್ಯ ಇದೆ. ತೂಕ ಇಳೀತಾ ಇರೋ ಹೊತ್ತಿನಲ್ಲಿ ಒಳ್ಳೆ ಕೊಲೆಸ್ಟ್ರಾಲ್ ಎಚ್‌ಡಿಎಲ್ ಕೂಡ ಸ್ವಲ್ಪ ಇಳಿಯುತ್ತೆ. ತೂಕ ಒಂದು ಕಡೆ ನಿಂತ ಮೇಲೆ ಅದು ಮೊದಲಿಗಿಂತ ಮೇಲಕ್ಕೆ ಬರುತ್ತೆ. 1991ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಚಿಕ್ಕದು, ಬರೀ ಆರು ಜನ ತುಂಬಾ ದಪ್ಪ ಇದ್ದ ಮಹಿಳೆಯರು. ಸರಾಸರಿ 30 ಕೆಜಿ ಇಳಿಸಿದ್ರು. ಅವರ ಕೊಲೆಸ್ಟ್ರಾಲ್ ಮೊದಲ ಒಂದೆರಡು ತಿಂಗಳು ಚೆನ್ನಾಗಿ ಇಳೀತು. ಆಮೇಲೆ ಇದ್ದಕ್ಕಿದ್ದಂತೆ ಏರಿತು! ಶುರುವಿಗಿಂತ ಜಾಸ್ತಿ ಆಯ್ತು. ತೂಕ ನಿಂತ ಮೇಲೆ ಮತ್ತೆ ಇಳೀತು. ಕೊಬ್ಬಿನ ಚೀಲಗಳಲ್ಲಿ ವರ್ಷಗಟ್ಟಲೆ ಕೂತಿದ್ದ ಕೊಲೆಸ್ಟ್ರಾಲ್, ಚೀಲ ಬರಿದಾಗ್ತಾ ಇದ್ದಂತೆ ರಕ್ತಕ್ಕೆ ಬಂತು ಅನ್ನೋದು ಆ ಸಂಶೋಧಕರ ವಿವರಣೆ. ಬೀರು ಖಾಲಿ ಮಾಡೋವಾಗ ಮನೆ ತುಂಬಾ ಸಾಮಾನು ಹರಡಿರುತ್ತಲ್ಲ, ಹಾಗೆ.

ಇದರಿಂದ ನಮಗೇನು ಪಾಠ? ಮೂರು ವಾರದಲ್ಲಿ ಎಂಟು ಕೆಜಿ ಇಳಿಸಿ, ನಾಲ್ಕನೇ ವಾರ ಲ್ಯಾಬಿಗೆ ಓಡಬೇಡಿ. ಆ ಚೀಟಿ ನಿಮ್ಮ ನಿಜವಾದ ಸ್ಥಿತಿ ಹೇಳಲ್ಲ. ಇಳಿದಿದೆ ಅಂತ ಕುಣಿಯೋದೂ ಬೇಡ, ಏರಿದೆ ಅಂತ ಅಳೋದೂ ಬೇಡ. ತೂಕ ಕೆಲವು ವಾರ ಒಂದೇ ಕಡೆ ನಿಲ್ಲಲಿ, ಆಮೇಲೆ ನೋಡಿಸಿ. ಗಡಿಬಿಡಿಯಲ್ಲಿ ತೂಕ ಇಳಿಸಿದವರಿಗೆ ಪಿತ್ತಕೋಶದಲ್ಲಿ ಕಲ್ಲು ಆಗೋದೂ ಉಂಟು. ಹಾಗಾಗಿ ನಿಧಾನವೇ ಸರಿ.

ನನ್ನ ಕಥೆ ಮುಗಿಸಿಬಿಡ್ತೀನಿ. ನವೆಂಬರ್‌ನಿಂದ ದಾರಿ ಬದಲಾಯಿಸಿದೆ. ಎಣ್ಣೆ ವಾಪಸ್ ಬಂತು, ಅಳತೆಯಲ್ಲಿ. ಅನ್ನ ಒಂದು ಸಲ ಮಾತ್ರ. ಜ್ಯೂಸ್, ಬಿಸ್ಕೆಟ್ ಹೋಯ್ತು. ಹುರಳಿಕಾಳು, ಹೆಸರುಕಾಳು, ಸೊಪ್ಪಿನ ಪಲ್ಯ ಬಂತು. ದಿನಾ ಮುಕ್ಕಾಲು ಗಂಟೆ ನಡಿಗೆ. ಐದು ತಿಂಗಳಲ್ಲಿ ಏಳು ಕೆಜಿ ಇಳಿದೆ. ತೂಕ 76ರಲ್ಲಿ ನಿಂತ ಮೇಲೆ ಪರೀಕ್ಷೆ ಮಾಡಿಸಿದೆ. ಎಲ್‌ಡಿಎಲ್ 128, ಎಚ್‌ಡಿಎಲ್ 43, ಟ್ರೈಗ್ಲಿಸರೈಡ್ 130. ಇದು ಒಬ್ಬ ಮನುಷ್ಯನ ಲೆಕ್ಕ, ಎಲ್ಲರಿಗೂ ಹೀಗೇ ಆಗುತ್ತೆ ಅಂತ ನಾನು ಹೇಳ್ತಿಲ್ಲ. ಇಷ್ಟಾದ್ರೂ ವೈದ್ಯರು ಬೆನ್ನು ತಟ್ಟಿ ಕಳಿಸಲಿಲ್ಲ, ಇನ್ನೂ 100ಕ್ಕಿಂತ ಕೆಳಗೆ ಬರಬೇಕು ಅಂದ್ರು. ಭಾರತದ ಹೃದ್ರೋಗ ತಜ್ಞರ ಸಂಘ, ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ, 2024ರ ಜುಲೈನಲ್ಲಿ ನಮ್ಮ ದೇಶಕ್ಕೇ ಅಂತ ಮಾರ್ಗಸೂಚಿ ಕೊಟ್ಟಿದೆ. ಸಾಮಾನ್ಯ ಜನರಿಗೆ ಎಲ್‌ಡಿಎಲ್ 100ಕ್ಕಿಂತ ಕೆಳಗೆ. ಅಪಾಯ ಹೆಚ್ಚಿರೋ ಸಕ್ಕರೆ ಕಾಯಿಲೆ, ಬಿಪಿಯವರಿಗೆ 70ಕ್ಕಿಂತ ಕೆಳಗೆ. ಒಮ್ಮೆ ಹೃದಯಾಘಾತ ಆದವರಂಥ ಅತಿ ಅಪಾಯದವರಿಗೆ 55ಕ್ಕಿಂತ ಕೆಳಗೆ. ಭಾವನದು 138.

ನಾಲ್ಕನೇ ಮಾತು. ಇದು ತೆಳ್ಳಗೆ ಇರೋರಿಗೆ. "ನಾನು ಕಡ್ಡಿ ಥರ ಇದೀನಿ, ನನಗೇನು ಕೊಲೆಸ್ಟ್ರಾಲ್?" ಅಂತಾರಲ್ಲ, ಅವರಿಗೆ. ಇದಕ್ಕೆ ಉತ್ತರ ಮೈಸೂರಿನಲ್ಲೇ ಇದೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ನಾವೆಲ್ಲ ಮಿಷನ್ ಆಸ್ಪತ್ರೆ ಅಂತೀವಲ್ಲ, ಅಲ್ಲಿ ಹಳೇ ಕಾಲದಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿದ್ರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನ ಸಂಶೋಧಕರು ದೊಡ್ಡವರಾದ ಮೇಲೆ ಹುಡುಕಿ ಹೃದಯ ಪರೀಕ್ಷೆ ಮಾಡಿದ್ರು. 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಬಂತು. ಹುಟ್ಟುವಾಗ ಕಡಿಮೆ ತೂಕ ಇದ್ದವರಲ್ಲೇ ಮುಂದೆ ಹೃದಯದ ಕಾಯಿಲೆ ಹೆಚ್ಚು ಕಂಡಿತ್ತು. ಜಗತ್ತೇ ಓದಿದ ಆ ಅಧ್ಯಯನ ನಮ್ಮ ಮಂಡಿ ಮೊಹಲ್ಲಾದ ದಫ್ತರಗಳಿಂದ ಎದ್ದು ಬಂದದ್ದು. ತಕ್ಕಡಿ ಮೇಲೆ ಇವತ್ತು ಕಾಣೋ ತೂಕ ಒಂದೇ ನಮ್ಮ ಹೃದಯದ ಜಾತಕ ಅಲ್ಲ. ವಂಶದಿಂದ ಬರೋ ಅತಿ ಕೊಲೆಸ್ಟ್ರಾಲ್ ಕೂಡ ಇದೆ. ಅಂಥವರಲ್ಲಿ ಆ ಗೇಟುಗಳೇ ಹುಟ್ಟಿನಿಂದ ಕೆಟ್ಟಿರ್ತವೆ. ಅವರು ಗಂಜಿ ಕುಡಿದು ಬದುಕಿದ್ರೂ ಎಲ್‌ಡಿಎಲ್ 190 ದಾಟಿರಬಹುದು. ಮನೆಯಲ್ಲಿ ಯಾರಾದ್ರೂ ಚಿಕ್ಕ ವಯಸ್ಸಿಗೇ ಹೃದಯಾಘಾತದಿಂದ ಹೋಗಿದ್ರೆ ಉಳಿದವರು ಪರೀಕ್ಷೆ ಮಾಡಿಸಲೇಬೇಕು.

ಹಾಗಾದ್ರೆ ಮನೆಮದ್ದು? ಮೆಂತ್ಯ, ಬೆಳ್ಳುಳ್ಳಿ? ಇದರ ಮೇಲೂ ಕೆಲಸ ಆಗಿರೋದು ಮೈಸೂರಿನಲ್ಲೇ. 1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಶುರುವಾದ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಮೆಂತ್ಯ, ಈರುಳ್ಳಿ, ಬೆಳ್ಳುಳ್ಳಿ, ಅರಿಶಿನ, ಮೆಣಸಿನಕಾಯಿ ಇವೆಲ್ಲ ಪ್ರಯೋಗಾಲಯದ ಇಲಿಗಳಲ್ಲಿ ಕೊಲೆಸ್ಟ್ರಾಲ್ ಇಳಿಸೋದನ್ನ ವರ್ಷಗಳ ಕಾಲ ಅಧ್ಯಯನ ಮಾಡಿದ್ದಾರೆ. ಅಡುಗೆಗೆ ಧಾರಾಳವಾಗಿ ಹಾಕಿ. ಕಾಳು, ಸೊಪ್ಪು, ಓಟ್ಸ್‌ನಲ್ಲಿರೋ ನಾರು ಕೂಡ ಸ್ವಲ್ಪ ಇಳಿಸುತ್ತೆ. ಆದ್ರೆ ಸ್ಟೆಂಟ್ ಆದವರಿಗೆ ಒಂದು ಚಮಚ ಮೆಂತ್ಯ ಮಾತ್ರೆಯ ಜಾಗ ತುಂಬಲ್ಲ.

ಮಾತ್ರೆ ಮಾಡೋದೇನು? ಸ್ಟ್ಯಾಟಿನ್ ಅಂತ ಅದರ ಹೆಸರು. ಜಪಾನಿನ ಅಕಿರಾ ಎಂಡೊ 1973ರಲ್ಲಿ ಒಂದು ಬೂಷ್ಟಿನಿಂದ ಮೊದಲ ಸ್ಟ್ಯಾಟಿನ್ ಕಂಡುಹಿಡಿದ್ರು. ಅದು ಲಿವರಿನ ಕಾರ್ಖಾನೆಯಲ್ಲಿ ಕೊಲೆಸ್ಟ್ರಾಲ್ ತಯಾರಿಕೆಯನ್ನ ತಗ್ಗಿಸುತ್ತೆ. ಒಳಗೆ ಸರಕು ಕಡಿಮೆ ಆದ್ರೆ ಲಿವರ್ ಏನ್ ಮಾಡುತ್ತೆ? ಗೇಟು ಜಾಸ್ತಿ ತೆರೆದು ರಸ್ತೆಯಲ್ಲಿ ನಿಂತ ಲಾರಿಗಳನ್ನ ಒಳಗೆ ಎಳ್ಕೊಳ್ಳುತ್ತೆ. ಮಾತ್ರೆ ನಿಲ್ಲಿಸಿದ್ರೆ ಕೆಲವೇ ವಾರಗಳಲ್ಲಿ ಗೇಟು ಮತ್ತೆ ಮುಚ್ಚುತ್ತೆ. ಅದಕ್ಕೇ ಭಾವನ ರಿಪೋರ್ಟ್ ಹಾಗೆ ಬಂದದ್ದು. ಮೈಕೈ ನೋವು ಬಂತು, ಸುಸ್ತಾಯ್ತು ಅಂದ್ರೆ ವೈದ್ಯರಿಗೆ ಹೇಳಿ. ಪ್ರಮಾಣ ಬದಲಾಯಿಸ್ತಾರೆ, ಬೇರೆ ಮಾತ್ರೆ ಕೊಡ್ತಾರೆ. ನೀವೇ ವೈದ್ಯರಾಗಿ ನಿಲ್ಲಿಸಬೇಡಿ.

ಇನ್ನು ಅಡುಗೆಮನೆ ಲೆಕ್ಕ. 2025ರ ಜನವರಿಯಲ್ಲಿ ಪ್ರಧಾನಿ ಎಣ್ಣೆ ಬಳಕೆ ಶೇ. 10 ಕಡಿಮೆ ಮಾಡಿ ಅಂದ್ರು. ಒಳ್ಳೆ ಮಾತು. ಆದ್ರೆ ಎಷ್ಟರಲ್ಲಿ ಹತ್ತು? ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2024ರಲ್ಲಿ ಕೊಟ್ಟ ಮಾದರಿ ತಟ್ಟೆಯಲ್ಲಿ, ದಿನಕ್ಕೆ ಒಬ್ಬರಿಗೆ ಎಣ್ಣೆ ತುಪ್ಪ ಎಲ್ಲಾ ಸೇರಿ 27 ಗ್ರಾಂ. ನಾಲ್ಕು ಜನರ ಮನೆಗೆ ತಿಂಗಳಿಗೆ ಹೆಚ್ಚುಕಡಿಮೆ ಮೂರೂವರೆ ಲೀಟರ್. ಅದೇ ತಟ್ಟೆಯಲ್ಲಿ ಅಕ್ಕಿ, ರಾಗಿ, ಗೋಧಿ ಎಲ್ಲಾ ಸೇರಿ 250 ಗ್ರಾಂ. ಬೇಳೆಕಾಳು 85, ತರಕಾರಿ 400, ಬೀಜಗಳು 35. ಎಣ್ಣೆ ಅಳೆಯೋ ಮನೆಗಳಿವೆ. ಅಕ್ಕಿ ಅಳೆಯೋ ಮನೆ ಎಷ್ಟಿವೆ ಹೇಳಿ?

ಮೈಸೂರಿನವರು ನನ್ನ ಮೇಲೆ ಸಿಟ್ಟಾಗಬೇಡಿ. ಬೆಣ್ಣೆ ದೋಸೆ ತಿನ್ನಲೇಬೇಡಿ ಅಂತ ನಾನು ಹೇಳಲ್ಲ. ಅರಮನೆ ಅಡುಗೆಮನೆಯಲ್ಲಿ ಕಾಕಾಸುರ ಮಾದಪ್ಪ ಮಾಡಿದ ಮೈಸೂರು ಪಾಕನ್ನ ದಸರಾದಲ್ಲಿ ಒಂದು ತುಂಡು ಬಾಯಿಗೆ ಹಾಕ್ಕೊಂಡ್ರೆ ಯಾರ ಹೃದಯವೂ ನಿಲ್ಲಲ್ಲ. ಪ್ರತಿ ದಿನ ದಸರಾ ಮಾಡಬೇಡಿ, ಅಷ್ಟೇ.

ಭಾವನ ವಿಷಯ ಹೇಳಿ ಮುಗಿಸ್ತೀನಿ. ಆ ಸೋಮವಾರ ನಾನೇ ಜೊತೆಗೆ ಹೋಗಿ ವೈದ್ಯರಿಗೆ ತೋರಿಸಿದೆ. ವೈದ್ಯರು ಬೈಯಲಿಲ್ಲ. "ಯಜಮಾನ್ರೇ, ಪಥ್ಯ ಮಾಡಿದ್ದು ಒಳ್ಳೇದೇ. ಆದ್ರೆ ಪಥ್ಯ ಮಾತ್ರೆಯ ಜೊತೆಗಾರ, ಬದಲಿಗಾರ ಅಲ್ಲ" ಅಂದ್ರು. ಮಾತ್ರೆ ಮತ್ತೆ ಶುರುವಾಯ್ತು. ಒಗ್ಗರಣೆ ಮತ್ತೆ ಅಕ್ಕನ ಕೈಗೆ ಬಂತು, ಚಮಚದ ಲೆಕ್ಕದಲ್ಲಿ. ಮುಂದಿನ ರಿಪೋರ್ಟ್‌ನಲ್ಲಿ ಎಲ್‌ಡಿಎಲ್ 61. ಹಿಂದಿನ 72ಕ್ಕಿಂತಲೂ ಕೆಳಗೆ. ಅಂದ್ರೆ ಆ ಪಥ್ಯ, ಆ ಐದು ಕೆಜಿ ಯಾವುದೂ ವ್ಯರ್ಥ ಆಗಲಿಲ್ಲ. ಮಾತ್ರೆ ಜೊತೆ ಸೇರಿದ ಮೇಲೆ ಅದಕ್ಕೂ ಬೆಲೆ ಬಂತು. 55ಕ್ಕೆ ಇನ್ನೂ ಆರು ಅಂಕ ಬಾಕಿ ಇದೆ. ಭಾವ ಕೆರೆ ಏರಿ ಮೇಲೆ ಈಗ ಎರಡು ಸುತ್ತು ಹಾಕ್ತಾರೆ.

ಆ ಮೂರು ತಿಂಗಳಲ್ಲಿ ಏನೂ ಆಗಲಿಲ್ಲ. ಅದು ನಮ್ಮ ಪುಣ್ಯ. ಎಲ್ಲಾ ಮನೆಯಲ್ಲೂ ಪುಣ್ಯ ಕೆಲಸ ಮಾಡುತ್ತೆ ಅಂತ ಹೇಳೋಕಾಗಲ್ಲ.

ಅದಕ್ಕೇ ಒಂದು ಸಣ್ಣ ಕೋರಿಕೆ ವೀಕ್ಷಕರೇ. ಟಿವಿ ಆಫ್ ಮಾಡಿದ ಮೇಲೆ ನಿಮ್ಮ ಅಪ್ಪ, ಅಮ್ಮ, ಮಾವ, ಅತ್ತೆ ಮಾತ್ರೆ ಇಡೋ ಡ್ರಾಯರ್ ಒಮ್ಮೆ ಎಳೆದು ನೋಡಿ. ಜಗಳ ಮಾಡಬೇಡಿ. ಮಾತ್ರೆ ಎಣಿಸಿ. ಉಳಿದಿದ್ರೆ, ಪಕ್ಕದಲ್ಲಿ ಕೂತು ಯಾಕೆ ಅಂತ ಕೇಳಿ.